ಐದರ ನೋಟಿನ ಹೆಂಗಸು

ವೆಲ್ಲಿಂಗ್‌ಬರೋದಲ್ಲಿ ಹುಟ್ಟಿದ ಹುಡುಗಿ ಒಂದೋ ಬೂಟು ಹೊಲಿಯಬೇಕು, ಇಲ್ಲವೇ ಬೂಟು ಹೊಲಿಯುವವನನ್ನು ಕಟ್ಟಿಕೊಳ್ಳಬೇಕು ಎಂಬುದು ಆ ಕಾಲದ ಕಾನೂನು. ಒಲಿವ್ ಟೆಬ್ಬಟ್ ಎರಡನ್ನೂ ಮಾಡಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುವವನು, ಅಮ್ಮ ಮನೆಯಲ್ಲೇ ಕೂತು ಬೂಟಿನ ಮೇಲ್ಭಾಗ ಹೊಲಿಯುವವಳು. ಭಾನುವಾರದ ಹುರಿದ ಮಾಂಸಕ್ಕೂ ತೊಗಲಿನ ವಾಸನೆ ಹತ್ತಿರುತ್ತಿತ್ತು. ಯುದ್ಧ ಮುಗಿದು ಐದಾರು ವರ್ಷವಾದರೂ ಸಕ್ಕರೆಗೆ ಇನ್ನೂ ರೇಷನ್ ಇದ್ದ ಕಾಲ. ಹತ್ತೊಂಬತ್ತು ತುಂಬಿದ ಒಲಿವ್ ಈ ವಾಸನೆಯ ಸಹವಾಸವೇ ಸಾಕೆಂದು ರೈಲು ಹಳಿಯಾಚೆಯ ಕೆಂಪಿಟ್ಟಿಗೆ ಕಟ್ಟಡಕ್ಕೆ ಹೋಗಿ ಕೆಲಸ ಕೇಳಿದಳು.

ಅದು ಕಾರ್ಬೆಟ್ ಅಂಡ್ ಸ್ವೇಲ್ ಮುದ್ರಣಾಲಯ. ಹೊರಗಿನ ಬೋರ್ಡಿನಲ್ಲಿ 'ಉತ್ತಮ ದರ್ಜೆಯ ಮುದ್ರಣ' ಎಂದಷ್ಟೇ ಇತ್ತು. ಒಳಗೆ ಅಚ್ಚಾಗುತ್ತಿದ್ದದ್ದು ದೇಶದೇಶಗಳ ನೋಟು. ಸ್ವಂತ ಅಚ್ಚುಮನೆ ಇಲ್ಲದ ದೇಶಗಳು ಲೋಕದಲ್ಲಿ ಬೇಕಾದಷ್ಟಿದ್ದವು. ಬಾವುಟ ಬದಲಾದ ಮರುದಿನವೇ ಅವಕ್ಕೆ ಹೊಸ ನೋಟು ಬೇಕಾಗುತ್ತಿತ್ತು. ಕಿರೀಟ ಹೊತ್ತ ದೊರೆಗಳು, ಎದೆ ತುಂಬ ಪದಕ ನೇತುಹಾಕಿಕೊಂಡ ಜನರಲ್‌ಗಳು, ಆನೆ, ತೆಂಗಿನಮರ, ಅಣೆಕಟ್ಟು, ಹಡಗು, ಎಲ್ಲವೂ ವೆಲ್ಲಿಂಗ್‌ಬರೋದ ಮಳೆಯಲ್ಲಿ ಹುಟ್ಟಿ, ಮರದ ಪೆಟ್ಟಿಗೆಯಲ್ಲಿ ಮಲಗಿ, ಬಿಸಿಲಿನ ನಾಡುಗಳಿಗೆ ಹೋಗುತ್ತಿದ್ದವು.

ಒಲಿವ್‌ಗೆ ಸಿಕ್ಕಿದ್ದು ಹಾಳೆ ನೋಡುವ ಕೋಣೆ. ಉತ್ತರಕ್ಕೆ ಎತ್ತರದ ಕಿಟಕಿಗಳು, ಉದ್ದ ಮೇಜುಗಳು, ಮೇಜಿನುದ್ದಕ್ಕೂ ಹೆಂಗಸರು. ಅಚ್ಚಾದ ಹಾಳೆಯ ಮೂಲೆ ಹಿಡಿದು ಪಟಪಟನೆ ತಿರುವುತ್ತ ಎಲ್ಲಿ ಶಾಯಿ ಹರಡಿದೆ, ಎಲ್ಲಿ ಗೆರೆ ತಪ್ಪಿದೆ ಎಂದು ಹೆಕ್ಕಬೇಕು. ಅನುಮಾನ ಬಂದದ್ದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಬೇಕು. ಆಗ ಕಾಗದದ ಒಡಲಲ್ಲಿ ಒಂದು ನೆರಳುಮುಖ ಮೂಡುತ್ತಿತ್ತು. ಸೇರಿದ ದಿನವೇ ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸಿದ್ದರು: ಯಾವ ದೇಶದ ನೋಟು, ಯಾರ ಮುಖ, ಒಂದನ್ನೂ ಹೊರಗೆ ಬಾಯಿಬಿಡುವಂತಿಲ್ಲ. ಸಂಜೆ ಅಮ್ಮ "ಇವತ್ತೇನೇ ಕೆಲಸ?" ಎಂದರೆ "ಹಾಳೆ ತಿರುವಿದೆ" ಎನ್ನಬೇಕು, ಅಷ್ಟೆ. ಒಂದು ಹಾಳೆ ಕಾಣೆಯಾದರೂ ಸಾಕು, ಅದು ಸಿಗುವ ತನಕ ಗೇಟಿಗೆ ಬೀಗ. ಒಮ್ಮೆ ಹೀಗೆ ಬೀಗ ಬಿದ್ದ ಸಂಜೆ ಒಲಿವ್‌ಗಾಗಿ ಸಿನಿಮಾ ಮನೆಯ ಮುಂದೆ ಕಾದು ಕಾದು ನೆನೆದುಹೋದ ಹೊರೇಸ್ ಎಂಬ ಬೂಟಿನ ಹುಡುಗ ಆಮೇಲೆ ಬೇರೆಯವಳನ್ನು ನೋಡಿಕೊಂಡ. ಹಾಳೆ ಸಿಕ್ಕಿದ್ದು ಕೈಗಾಡಿಯ ಅಡಿಯಲ್ಲಿ. ಹುಡುಗ ಕೈತಪ್ಪಿದ್ದಕ್ಕೆ ಒಲಿವ್‌ಗೆ ಅಂಥ ದುಃಖವೇನೂ ಆಗಲಿಲ್ಲ. ಹೊರೇಸನ ಕೈಗೂ ತೊಗಲಿನ ವಾಸನೆ ಇತ್ತು.

ಮಹಡಿಯ ಮೇಲೆ ಉಕ್ಕಿನ ಹಲಗೆಗಳ ಮೇಲೆ ಕೆತ್ತುವವರ ಕೋಣೆ. ಒಬ್ಬರೇ ಇಡೀ ನೋಟು ಕೆತ್ತುವ ಪದ್ಧತಿ ಇರಲಿಲ್ಲ. ಹಾಗೆ ಬಿಟ್ಟರೆ ಅವನು ಮನೆಯಲ್ಲೂ ಒಂದು ಟಂಕಸಾಲೆ ತೆರೆದಾನು ಎಂಬ ಭಯ. ಅಕ್ಷರಕ್ಕೆ ಒಬ್ಬ, ಅಂಚಿನ ಬಳ್ಳಿಗೆ ಇನ್ನೊಬ್ಬ, ಜಾಲರಿಯಂಥ ಗೆರೆಗಳಿಗೆ ಒಂದು ಯಂತ್ರ. ಮುಖಗಳು ಮಾತ್ರ ಕ್ಲೆಮೆಂಟ್ ಗಾರ್ಲಿಯವರ ಪಾಲು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ, ಆಡಿದರೆ ಚುರುಕು. ಹೊಸ ಜನರಲ್‌ನ ಚಿತ್ರ ಬಂದರೆ, "ಮೀಸೆ ಕೊನೆಗೆ ಕೆತ್ತೋಣ. ಮೊದಲು ಬೆಳಗಿನ ಪೇಪರ್ ಬರಲಿ, ಆಸಾಮಿ ಇನ್ನೂ ಗದ್ದುಗೆ ಮೇಲಿದ್ದಾನೋ ಇಲ್ವೋ" ಎನ್ನುತ್ತಿದ್ದರು. ಎರಡು ಸಲ ಮೀಸೆಗೆ ಮೊದಲೇ ಗದ್ದುಗೆ ಹೋಗಿತ್ತು. ಮನೆಯಲ್ಲಿ ಹೆಂಡತಿ ಡಾರ್ಕಸ್ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಅದರ ಬಗ್ಗೆ ಅವರು ತಮಾಷೆ ಮಾಡಿದ್ದನ್ನೂ ಗೊಣಗಿದ್ದನ್ನೂ ಯಾರೂ ಕೇಳಿರಲಿಲ್ಲ.

ಕೆತ್ತುವವರ ಮೇಜಿನ ಮೇಲೆ ಉಳಿಗಳ ಜೊತೆಗೆ ಒಂದು ಕನ್ನಡಿ ಇರಲೇಬೇಕು. ಉಕ್ಕಿನಲ್ಲಿ ಎಡದ್ದನ್ನು ಬಲಕ್ಕೆ ಕೆತ್ತಿದರೆ ತಾನೇ ಕಾಗದದಲ್ಲಿ ಸರಿಯಾಗಿ ಬೀಳುವುದು! ಅದಕ್ಕೇ ಚಿತ್ರವನ್ನು ಕನ್ನಡಿಯ ಮುಂದಿಟ್ಟು, ಕನ್ನಡಿಯಲ್ಲಿ ಕಂಡದ್ದನ್ನು ಕೆತ್ತುತ್ತಾರೆ. ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕಲಿಸುವ ಪಾಠ ಅದು. ತಪ್ಪಿದರೆ ಕೋಣೆಯವರೆಲ್ಲ ವರ್ಷವಿಡೀ ಆಡಿಕೊಳ್ಳುತ್ತಾರೆ.

ಅರವತ್ತರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಒಂದು ದೇಶದಿಂದ ಐದರ ನೋಟಿಗೆ ಬೇಡಿಕೆ ಬಂತು. ಯಾವ ದೇಶವೆಂದು ನಾನೂ ಹೇಳುವುದಿಲ್ಲ; ಒಲಿವ್ ಮಾಡಿದ ಪ್ರಮಾಣಕ್ಕೆ ಅಷ್ಟಾದರೂ ಮರ್ಯಾದೆ ಇರಲಿ. ಅಲ್ಲಿ ಎರಡು ಪಕ್ಷಗಳು. ಒಬ್ಬರ ವೀರ ಇನ್ನೊಬ್ಬರಿಗೆ ಕಳ್ಳ. ಕೊನೆಗೆ ಅಲ್ಲಿಯ ಬ್ಯಾಂಕಿನವರು ರೋಸಿ, ಯಾವ ಗಂಡಸೂ ಬೇಡ, ತಲೆಗೆ ಬಟ್ಟೆ ಕಟ್ಟಿ ಪೈರು ಹೊತ್ತ ಒಬ್ಬ ಹೆಂಗಸನ್ನು ಹಾಕಿ ಎಂದರು. ಚಿತ್ರಕಾರ ಬರೆದುಕೊಟ್ಟ ಹೆಂಗಸನ್ನು ನೋಡಿ, ಇವಳು ಅಮೃತಶಿಲೆಯ ಬೊಂಬೆ, ಒಂದು ದಿನವೂ ದುಡಿದವಳಲ್ಲ ಎಂದು ತಿರುಗಿ ಕಳಿಸಿದರು.

ಅದೇ ವಾರ ಗಾರ್ಲಿಯವರು ಯಾವುದೋ ಹಾಳೆಯ ದೋಷ ನೋಡಲು ಕೆಳಗೆ ಬಂದಾಗ ಒಲಿವ್ ಕಿಟಕಿಯ ಬೆಳಕಿಗೆ ಹಾಳೆ ಎತ್ತಿ ಹಿಡಿದು ನಿಂತಿದ್ದಳು. ಆಗವಳಿಗೆ ಮೂವತ್ತು. ಸುಂದರಿಯೇನಲ್ಲ. ಬಾಯಿಯ ಒಂದು ತುದಿ ಇನ್ನೊಂದಕ್ಕಿಂತ ಚೂರು ಮೇಲೆ. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಎಡಹುಬ್ಬಿನ ನಡುವೆ ಕೂದಲು ಬಾರದ ಸೀಳು.

"ಮಿಸ್ ಟೆಬ್ಬಟ್, ಮಧ್ಯಾಹ್ನ ಊಟದ ಹೊತ್ತಲ್ಲಿ ಮೇಲೆ ಬಂದು ಸ್ವಲ್ಪ ಕೂತ್ಕೋತೀರಾ? ಒಂದು ಮುಖ ಬೇಕಾಗಿದೆ."

"ಇದಕ್ಕಿಂತ ಚೆನ್ನಾಗಿರೋ ಮುಖ ಕ್ಯಾಂಟೀನಲ್ಲೇ ಹತ್ತು ಸಿಗುತ್ತಲ್ಲ, ಮಿಸ್ಟರ್ ಗಾರ್ಲಿ?"

"ಚೆನ್ನಾಗಿರೋದು ಬಂದು ವಾಪಸ್ ಹೋಯ್ತು. ನನಗೆ ನಿಮ್ದು ಬೇಕು."

ನೌಕರರ ಮುಖವನ್ನು ನೋಟಿನ ಮೇಲೆ ಹಾಕುವುದು ಕಂಪನಿಯಲ್ಲಿ ಕಡುನಿಷಿದ್ಧ. ಗೊತ್ತಾದರೆ ಇಬ್ಬರ ಕೆಲಸಕ್ಕೂ ಕತ್ತರಿ. ಆದರೂ ಆ ಇಡೀ ವಸಂತಕಾಲ, ಉಳಿದ ಕೆತ್ತನೆಯವರು ಬಿಯರಿಗೆಂದು ಎದುರಿನ ಪಬ್ಬಿಗೆ ಹೋದ ಹೊತ್ತಿನಲ್ಲಿ, ಒಲಿವ್ ಮೇಲೆ ಹೋಗಿ ಕೂತಳು. ಚೀಸು-ಉಪ್ಪಿನಕಾಯಿಯ ಸ್ಯಾಂಡ್‌ವಿಚ್ಚು ಮಡಿಲಲ್ಲೇ ಒಣಗುತ್ತಿತ್ತು. ಅವರು ಅವಳನ್ನು ನೋಡುವರು, ಉಕ್ಕಿಗೆ ಬಗ್ಗುವರು, ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವರು, ಮತ್ತೆ ನೋಡುವರು. ಮಾತಿಲ್ಲ. ಒಮ್ಮೆ ಮಾತ್ರ ಅವಳ ಗಲ್ಲ ತುಸು ತಿರುಗಬೇಕಾಗಿತ್ತು. ಗಾರ್ಲಿಯವರು ಕೈ ಚಾಚಿದರು, ಅರ್ಧಕ್ಕೆ ತಡೆದರು, ಉಳಿಯನ್ನು ಹಿಂದುಮುಂದು ಮಾಡಿ ಅದರ ಮರದ ಹಿಡಿಯಿಂದ ಗಲ್ಲವನ್ನು ಮೆಲ್ಲಗೆ ಆಚೆಗೆ ಸರಿಸಿದರು. ಆ ಹಿಡಿ ಅವರ ಅಂಗೈಯ ಬಿಸಿಯಲ್ಲಿತ್ತು. ಒಲಿವ್ ಅವರನ್ನು ಪ್ರೀತಿಸಿದಳು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಏನಿದೆ? ಅವಳು ಯಾರಿಗೂ ಹೇಳಲಿಲ್ಲ, ಅವರಿಗಂತೂ ಹೇಳಲೇ ಇಲ್ಲ.

ಮೊದಲ ಪ್ರತಿ ತೆಗೆದ ದಿನ ಗಾರ್ಲಿಯವರು ಅವಳನ್ನು ಕರೆಸಿದರು. ಹೆಬ್ಬೆರಳಿನಷ್ಟು ಮುಖ, ಇನ್ನೂ ಶಾಯಿ ಹಸಿ. ಅವರು ಕಾಗದ ನೋಡಿದರು, ಅವಳನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಮುಖದ ಬಣ್ಣ ಇಳಿದುಹೋಯಿತು.

"ತಿರುಗಿ ಬಂದಿದೆ," ಎಂದರು. "ಹುಬ್ಬಿನ ಸೀಳು ಆ ಕಡೆಗೆ ಹೋಗಿದೆ. ಬಾಯೂ ಅಷ್ಟೇ. ಕನ್ನಡೀನೇ ಇಟ್ಕೊಂಡಿಲ್ಲ ನಾನು."

"ನನಗೇನೂ ತಪ್ಪು ಕಾಣ್ತಿಲ್ಲ. ದಿನಾ ಬೆಳಿಗ್ಗೆ ತಲೆ ಬಾಚೋವಾಗ ಹೀಗೇ ಇರ್ತೀನಿ."

"ಮೂವತ್ತು ವರ್ಷದಲ್ಲಿ ಇದೇ ಮೊದಲು, ಮಿಸ್ ಟೆಬ್ಬಟ್. ಹೇಗಾಯ್ತು ಅಂದ್ರೆ..."

ಅಷ್ಟರಲ್ಲಿ ಊಟದ ಹೊತ್ತು ಮುಗಿದ ಸೈರನ್ನು ಕೂಗಿತು, ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅವರು ಮಾತು ನುಂಗಿಕೊಂಡರು. ಯಾರ ಮುಖವೆಂದೇ ಗೊತ್ತಿಲ್ಲದ ಮೇಲೆ ತಿರುಗಿದೆಯೋ ನೆಟ್ಟಗಿದೆಯೋ ಕೇಳುವವರ್ಯಾರು? ಉಕ್ಕು ಹಾಗೆಯೇ ಅಚ್ಚಿಗೆ ಹೋಯಿತು. ಹಾಳೆಗಳು ಕೆಳಗಿನ ಕೋಣೆಗೆ ಬಂದಾಗ ಒಲಿವ್ ಉಸಿರು ಬಿಗಿಹಿಡಿದು ಕೂತಿದ್ದಳು. ಪಕ್ಕದ ಹೆಂಗಸರು ಅವಳದೇ ಮುಖವನ್ನು ಸಾವಿರಾರು ಸಲ ತಿರುವಿಹಾಕಿದರು. ಯಾರಿಗೂ ಗುರುತು ಹತ್ತಲಿಲ್ಲ. ಅವರು ಹುಡುಕುತ್ತಿದ್ದದ್ದು ಶಾಯಿಯ ಚುಕ್ಕೆ, ಗೆಳತಿಯನ್ನಲ್ಲ.

'ಹೇಗಾಯ್ತು ಅಂದ್ರೆ' ಎಂಬ ಆ ಮಾತಿನ ಬಾಲ ಒಲಿವ್‌ಳ ಬದುಕಿಗೆ ಗಂಟುಬಿತ್ತು. ಅದೊಂದು ಬರೀ ಕೈತಪ್ಪೇ? ಅಥವಾ ಕನ್ನಡಿಯ ನೆನಪೇ ಬಾರದಷ್ಟು ಅವಳನ್ನೇ ನೋಡುತ್ತ ಕೂತಿದ್ದರೇ? ಇಂದು ಕೇಳೋಣ, ನಾಳೆ ಕೇಳೋಣ ಎಂದು ವರ್ಷಗಳು ಉರುಳಿದವು. ಕೇಳಿದರೆ ಕೈತಪ್ಪು ಅಂದುಬಿಟ್ಟಾರು ಎಂಬ ಅಳುಕು ಒಂದು, ಅಲ್ಲ ಅಂದರೆ ಹಾಸಿಗೆ ಹಿಡಿದ ಆ ಹೆಂಗಸಿನ ಗತಿ ಏನು ಎಂಬ ಅಳುಕು ಇನ್ನೊಂದು. ಒಂದು ನವೆಂಬರಿನಲ್ಲಿ ಗಾರ್ಲಿಯವರು ಮೇಜಿನ ಮೇಲೆ ಒರಗಿದವರು ಏಳಲಿಲ್ಲ. ಅಂತ್ಯಕ್ರಿಯೆಯ ದಿನ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಆಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ನಿಂತ ಒಲಿವ್‌ಳ ಕೈಯನ್ನು ಗಾಲಿಕುರ್ಚಿಯಲ್ಲಿದ್ದ ಡಾರ್ಕಸ್ ಹಿಡಿದುಕೊಂಡರು.

"ನೀವು ಹಾಳೆ ನೋಡೋ ಕೋಣೆಯವರಲ್ವಾ? ನಿಮ್ಮ ಕೋಣೆಯವರ ಬಗ್ಗೆ ನಮ್ಮೆಜಮಾನ್ರು ಬಹಳ ಒಳ್ಳೇ ಮಾತಾಡ್ತಿದ್ರು."

ಕೋಣೆಯವರ ಬಗ್ಗೆ! ಒಲಿವ್ ಮನೆಗೆ ಬಂದು ಕೋಟು ಬಿಚ್ಚದೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತು ಮನಸ್ಸು ಹಗುರಾಗುವ ತನಕ ಅತ್ತಳು.

ಅವರು ಹೋದರೂ ಅವರು ಕೆತ್ತಿದ ಮುಖ ಹೋಗಲಿಲ್ಲ. ಆ ದೇಶದಲ್ಲಿ ಬೆಲೆಗಳು ಹುಚ್ಚೆದ್ದು ಏರಿದವು. ಐದರ ನೋಟು ಐನೂರಾಯಿತು, ಐದು ಸಾವಿರವಾಯಿತು, ಐದು ಲಕ್ಷವಾಯಿತು. ಪ್ರತಿ ಸಲವೂ ಬಣ್ಣ ಬದಲು, ಸೊನ್ನೆ ಹೆಚ್ಚು, ಹೆಂಗಸು ಮಾತ್ರ ಅವಳೇ. ಒಲಿವ್ ಮೇಜಿನ ಈ ಬದಿಯಲ್ಲಿ ಕೂತು ಕನ್ನಡಕ ಹಾಕಿಕೊಂಡಳು, ಕೂದಲು ನರೆತವು. ಹಾಳೆಯ ಮೇಲಿನವಳಿಗೆ ಮೂವತ್ತು ದಾಟಲಿಲ್ಲ. ಕೊನೆಗೆ ಆ ದೇಶ ಹಳೆಯ ದುಡ್ಡನ್ನೇ ಗುಡಿಸಿಹಾಕಿ ಹೊಸ ಹೆಸರಿನ ದುಡ್ಡು ತಂದಿತು, ಅದನ್ನು ಬೇರೆ ಕಡೆ ಅಚ್ಚು ಹಾಕಿಸಿತು. ಕಾರ್ಬೆಟ್ ಅಂಡ್ ಸ್ವೇಲ್ ಬಾಗಿಲು ಮುಚ್ಚಿತು. ಈಗ ಆ ಜಾಗದಲ್ಲಿ ಸೋಫಾ ಮಾರುತ್ತಾರೆ.

ದಿನಕ್ಕೆ ಸಾವಿರಾರು ನೋಟು ಮುಟ್ಟಿದವಳ ಹತ್ತಿರ ತನ್ನದೇ ಮುಖದ ಒಂದು ನೋಟಿರಲಿಲ್ಲ. ಬಹಳ ದಿನ ಬಿಟ್ಟು ಕೆಟ್ಟರಿಂಗ್‌ನಲ್ಲಿ ಹಳೆ ನಾಣ್ಯ-ನೋಟು ಸಂಗ್ರಹಿಸುವವರ ಸಂತೆಯಲ್ಲಿ ಅದು ಸಿಕ್ಕಿತು. ಎರಡು ಪೌಂಡು. ಮೀನು-ಚಿಪ್ಸಿಗಿಂತ ಅಗ್ಗ.

"ಇವಳು ಯಾರಪ್ಪಾ?" ಎಂದಳು ಒಲಿವ್, ಸುಮ್ಮನೆ.

"ಯಾರೋ ಗ್ರೀಕರ ದೇವತೆ ಇರ್ಬೇಕಮ್ಮ. ಸುಮ್ನೆ ತುಂಬೋಕೆ ಹಾಕಿರ್ತಾರೆ."

ಕಂಪನಿಯೇ ಇಲ್ಲದ ಮೇಲೆ ಪ್ರಮಾಣ ಯಾರಿಗೆ ಎಂದುಕೊಂಡು ಒಂದು ಕ್ರಿಸ್‌ಮಸ್ ದಿನ ಊಟದ ಮೇಜಿನಲ್ಲಿ ಅವಳು ತಂಗಿಯ ಮಗಳು ಬೆರಿಲ್‌ಗೆ ನೋಟು ತೋರಿಸಿದಳು. ಬೆರಿಲ್ ಒಳ್ಳೆಯವಳೇ, ನಾಲಿಗೆ ಮಾತ್ರ ಉಪ್ಪುಕಾಗದ.

"ಆಂಟಿ, ನಿನ್ನ ಗಾಯ ಎಡಹುಬ್ಬಲ್ಲಿ. ಇವಳದ್ದು ಬಲಗಡೆ. ಶೆರ್ರಿ ಇನ್ನೊಂದು ಗ್ಲಾಸ್ ಹಾಕ್ಲಾ, ಆಗ ಮಹಾರಾಣಿ ಮುಖಾನೂ ನಿಂದೇ ಅಂತೀಯ."

"ಕನ್ನಡಿ ಇಟ್ಕೊಳ್ಳೋದು ಮರೆತ್ರು ಕಣೇ, ಅದಕ್ಕೇ ತಿರುಗಿಬಿಟ್ಟಿದೆ."

"ಮರೀತಾರಾ? ಅದೇ ಕಸುಬಿನೋರು ಮರೀತಾರಾ?"

ಸುದ್ದಿ ಅವಳು ಸಂಜೆ ಬಿಂಗೋ ಆಡಲು ಹೋಗುತ್ತಿದ್ದ ಹಾಲಿಗೂ ಹೋಯಿತು. ಅಲ್ಲಿ ಅವಳಿಗೆ 'ನೋಟಿನ ರಾಣಿ' ಎಂದು ಹೆಸರಾಯಿತು. ಚಹಾ ಕೊಡುವ ಹುಡುಗಿ ಕೂಡ "ಚಿಲ್ಲರೆ ಇದೆಯಾ ರಾಣಿಯಮ್ಮ?" ಎನ್ನುವಳು. ಒಲಿವ್ ತಾನೂ ನಗುತ್ತಿದ್ದಳು. ಒಳಗೆ ಮಾತ್ರ ಮುಳ್ಳು ಮುರಿದು ಕೂತಿತ್ತು. ಅವಳಿಗೆ ರಾಣಿಯಾಗುವ ಹುಚ್ಚೇನಿರಲಿಲ್ಲ. ಅದು ತನ್ನ ಮುಖವೇ ಅಲ್ಲವೆಂದ ಮೇಲೆ ಆ ವಸಂತಕಾಲ, ಆ ಕೋಣೆ, ಗಲ್ಲಕ್ಕೆ ತಾಗಿದ ಆ ಮರದ ಹಿಡಿ, ಒಂದೂ ನಡೆದೇ ಇಲ್ಲವೆಂದಾಯಿತಲ್ಲ! ಎಪ್ಪತ್ತು ದಾಟಿದ ಮೇಲೆ ಕೆಲವೊಮ್ಮೆ ಅವಳಿಗೇ ಅನುಮಾನ ಬರತೊಡಗಿತು: ಒಂಟಿ ಹೆಂಗಸು, ತಾನೇ ಕಟ್ಟಿಕೊಂಡ ಕಥೆಯೇನೋ ಇದು.

ಮಿಡ್ಲೆಂಡ್ ರಸ್ತೆಯ ಕೂದಲು ಕತ್ತರಿಸುವ ಅಂಗಡಿಯಲ್ಲಿ ಮಂಗಳವಾರ ಪಿಂಚಣಿಯವರಿಗೆ ಅರ್ಧ ಬೆಲೆ. ಅಲ್ಲಿ ಹೊಸದಾಗಿ ಸೇರಿದ್ದವಳು ಮಾರಿಸೆಲಾ, ಈ ಊರಿನ ಲಾರಿ ಚಾಲಕನನ್ನು ಮದುವೆಯಾಗಿ ದೂರದಿಂದ ಬಂದವಳು. ಬೆರಿಲ್ ದೊಡ್ಡಮ್ಮನನ್ನು ಕುರ್ಚಿಗೆ ಕೂರಿಸಿ ಮಾಂಸದಂಗಡಿಗೆ ಹೋದಳು. ಮಾರಿಸೆಲಾ ಒಲಿವ್‌ಳ ತಲೆ ತೊಳೆದು, ಬಿಳಿ ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿ, ಕುರ್ಚಿಯನ್ನು ಗೋಡೆಯ ಕನ್ನಡಿಗೆ ತಿರುಗಿಸಿದಳು. ತಿರುಗಿಸಿದವಳು ಹಾಗೇ ನಿಂತುಬಿಟ್ಟಳು.

"ಅಲ್ಲಾಡ್ಬೇಡಿ, ಮಿಸ್ ಒಲಿವ್."

"ಯಾಕೆ ತಾಯಿ, ಇನ್ನೂ ಕತ್ತರೀನೇ ತಗೊಂಡಿಲ್ಲ, ಆಗಲೇ ಕಿವಿ ಹೋಯ್ತಾ?"

"ಸ್ವಲ್ಪ ಗಲ್ಲ ಆ ಕಡೆ ಮಾಡಿ. ಅಯ್ಯೋ ದೇವ್ರೇ! ನೀವು ಥೇಟು ನಮ್ಮ ರುಫೀನಾ! ನಮ್ಮ ಹಳೇ ದುಡ್ಡಿನ ಮೇಲಿದ್ದಳಲ್ಲ, ಅವಳು!"

ಅವಳು ತಾನು ಹುಟ್ಟಿದ ದೇಶದ ಹೆಸರು ಹೇಳಿದಳು. ಐದರ ನೋಟು ಹೋಗುತ್ತಿದ್ದದ್ದು ಆ ದೇಶಕ್ಕೇ. ಮಾರಿಸೆಲಾ ಮುಂದೆ ಬಂದು ಅವಳ ಮುಖವನ್ನೇ ನೇರ ನೋಡಿದಳು, ಹುಬ್ಬು ಗಂಟಿಕ್ಕಿದಳು, ಹಿಂದೆ ಹೋಗಿ ಮತ್ತೆ ಕನ್ನಡಿಯಲ್ಲಿ ನೋಡಿದಳು.

"ಈ ಕಡೆಯಿಂದ ನೋಡಿದ್ರೆ ಇಲ್ಲ. ಕನ್ನಡೀಲಿ ಮಾತ್ರ ಅವಳೇ. ಆ ಹುಬ್ಬು ಕೂಡ! ವಿಚಿತ್ರ ಅಲ್ವಾ?"

"ವಿಚಿತ್ರ ಏನೂ ಇಲ್ಲ," ಎಂದಳು ಒಲಿವ್. "ಅದು ನಾನೇ."

ಮಾರಿಸೆಲಾ ಅಂಗಡಿ ತುಂಬುವಂತೆ ನಕ್ಕು ಹಿಂದಿನಿಂದ ಅವಳ ಭುಜ ತಬ್ಬಿದಳು. "ಎಲ್ಲಾರೂ ಹಾಗೇ ಹೇಳ್ತಾರೆ! ನಮ್ಮ ಊರಲ್ಲೇ ನಾಲ್ಕು ಜನ ಮುದುಕೀರು ನಾನೇ ನಾನೇ ಅಂತ ಜಗಳ ಆಡ್ತಿದ್ರು. ರುಫೀನಾ ಬಂದರಿನ ಹತ್ರ ಬಟ್ಟೆ ಒಗೀತಿದ್ದೋಳು. ಅವಳ ಅಕ್ಕನ್ನ ನಮ್ಮಜ್ಜಿ ನೋಡಿದ್ರಂತೆ."

ಒಂದು ಕ್ಷಣ ಒಲಿವ್‌ಗೆ ಸಿಟ್ಟು ಬಂತು. ಗುರುತು ಹಿಡಿದವಳೂ ನಂಬದಿದ್ದರೆ ಇನ್ನು ಯಾರ ಹತ್ತಿರ ಬಡಿದಾಡಲಿ? ಆಮೇಲೆ ಸಿಟ್ಟು ಇಳಿದು ಕುತೂಹಲ ಹತ್ತಿತು. ತಾನು ಕಾಣದ ನಾಡಿನಲ್ಲಿ ತನ್ನ ಮುಖ ಏನೆಲ್ಲ ಬದುಕು ಮಾಡಿಕೊಂಡಿದೆಯೋ!

"ಹೋಗ್ಲಿ. ಎಂಥಾ ಹೆಂಗಸು ಅವಳು? ಹೇಳು."

"ನೀವು ನೋಟು ನೋಡಿದ್ರೆ ಅವಳು ಪೈರು ನೋಡ್ತಿದ್ದಾಳೆ ಅನ್ಕೋತೀರ. ಸರ್ಕಾರದೋರೂ ಹಾಗೇ ಅನ್ಕೊಂಡಿದ್ರು." ಮಾರಿಸೆಲಾ ಟವೆಲು ಬಿಚ್ಚಿ ಬಾಚಣಿಗೆ ಎತ್ತಿಕೊಂಡಳು. "ಅಲ್ವೇ ಅಲ್ಲ. ಅವಳ ಎದುರಿಗೆ ಒಬ್ಬ ಗಂಡಸು ಇದ್ದಾನೆ. ಇನ್ನೊಬ್ಬಳ ಗಂಡ. ಬಾಯಿ ಹಾಗೆ ಬಿಗಿ ಹಿಡಿದಿದ್ದಾಳಲ್ಲ, ಹೇಳ್ಬಾರದ್ದು ಬಾಯಿಗೆ ಬಂದುಬಿಟ್ಟೀತು ಅಂತ. ಇದು ನಮ್ಮಲ್ಲಿ ಚಿಕ್ಕ ಹುಡುಗೀರಿಗೂ ಗೊತ್ತು. ಆ ದುಡ್ಡಿಗೆ ಬೆಲೆ ಹೋದ್ಮೇಲೂ ನಮ್ಮಜ್ಜಿ ಒಂದು ನೋಟು ದಿಂಬಿನ ಕೆಳಗೆ ಇಟ್ಕೊಂಡಿದ್ರು. ಅಜ್ಜಿಗೂ ಯಾರಿದ್ನೋ ಏನೋ, ಪಾಪ!"

ಒಲಿವ್ ಕನ್ನಡಿಯಲ್ಲಿದ್ದವಳನ್ನು ನೋಡಿದಳು. ನಲವತ್ತು ವರ್ಷ ಬಚ್ಚಿಟ್ಟುಕೊಂಡು ಬಂದದ್ದನ್ನು ಸಮುದ್ರದಾಚೆಯ ಬಟ್ಟೆ ಒಗೆಯುವವರು, ಮೀನು ಮಾರುವವರು, ಬಸ್ಸಿನಲ್ಲಿ ಚಿಲ್ಲರೆ ಎಣಿಸುವವರು ಓದಿಕೊಂಡುಬಿಟ್ಟಿದ್ದರು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಆದರೂ ಕೇಳಬೇಕಾದದ್ದು ಇನ್ನೊಂದಿತ್ತು. ಅದನ್ನು ಕೇಳಬೇಕಾದವರ ಹತ್ತಿರ ಅವಳು ಕೇಳಿರಲಿಲ್ಲ.

"ಅವರೂ... ಅವರೂ ಅವಳನ್ನ ನೋಡ್ತಿದ್ರಾ?"

ಮಾರಿಸೆಲಾಳ ಬಾಚಣಿಗೆ ನಿಂತಿತು. ಇದೆಂಥ ಪ್ರಶ್ನೆ ಎಂಬಂತೆ ಅವಳು ಕನ್ನಡಿಯಲ್ಲೇ ಒಲಿವ್‌ಳ ಕಣ್ಣು ನೋಡಿದಳು.

"ಅವನು ನೋಡದೇ ಇದ್ದಿದ್ರೆ ಅವಳ ಮುಖ ಹಾಗೆ ಆಗೋಕೆ ಸಾಧ್ಯಾನಾ, ಮಿಸ್ ಒಲಿವ್? ಲೋಕಾನೇ ಮರೆತು ಅವಳನ್ನೇ ನೋಡ್ತಿದ್ದ. ಅದೂ ಎಲ್ಲಾರಿಗೂ ಗೊತ್ತು."

ಬೆರಿಲ್ ಮಾಂಸದ ಪೊಟ್ಟಣ ಹಿಡಿದು ಒಳಗೆ ಬಂದಾಗ ಅರ್ಧ ಬಾಚಿದ ಒದ್ದೆ ಕೂದಲಲ್ಲಿ ಒಲಿವ್ ಅಳುತ್ತ ಕೂತಿದ್ದಳು. ಮಾರಿಸೆಲಾ ಕಣ್ಣಿಗೆ ಶಾಂಪೂ ಹೋಯಿತೇನೋ ಎಂದು ಗಾಬರಿಯಿಂದ ಟವೆಲು ಹುಡುಕುತ್ತಿದ್ದಳು.

"ಏನಾಯ್ತು ಆಂಟಿ? ಯಾರೇನಂದ್ರು?"

"ಒಂದಿಡೀ ದೇಶಕ್ಕೇ ಗೊತ್ತಿತ್ತು ಕಣೇ," ಎಂದಳು ಒಲಿವ್. "ನನಗೊಬ್ಬಳಿಗೇ ಗೊತ್ತಿರಲಿಲ್ಲ."